ಬೆರಗು ಎಲ್ಲಿ ಹುಟ್ಟುತ್ತದೆ? ಕಲೆ, ಕಥೆ ಮತ್ತು ದಿನದ ಬದುಕಿನಲ್ಲಿ ಅಸಾಧಾರಣ

ಕೆಲವು ವರ್ಷಗಳಿಂದ ನಮ್ಮ ಮೊಬೈಲುಗಳಲ್ಲಿ ಹೊಸ ಬಗೆಯ ಚಿತ್ರಗಳು ತುಂಬಿಕೊಳ್ಳುತ್ತಿವೆ. ಸಮುದ್ರದ ಮೇಲೆ ನಡೆದು ಬರುವ ಆನೆ, ಮೋಡದೊಳಗಿನಿಂದ ಇಳಿದು ಬರುವ ದೇವಸ್ಥಾನ, ಯಕ್ಷಗಾನದ ಕಿರೀಟ ತೊಟ್ಟು ಆಕಾಶದಲ್ಲಿ ಹಾರುವ ವೇಷ. ಇವನ್ನು ಯಾವ ಕ್ಯಾಮೆರಾವೂ ಹಿಡಿದದ್ದಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ನಾಲ್ಕು ಸಾಲು ಬರೆದು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸಿದ್ಧವಾಗಿ ಬರುವಂಥವು. ಮುಂಬಯಿಯ ಕನ್ನಡ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೊದಮೊದಲು ಇಂಥ ಚಿತ್ರ ಬಂದರೆ 'ಅಬ್ಬಬ್ಬಾ' ಎಂಬ ಉದ್ಗಾರಗಳ ಸಾಲೇ ಬರುತ್ತಿತ್ತು. ಈಗ ಬಹಳ ಮಂದಿ ಪೂರ್ತಿ ನೋಡದೆಯೇ ಮುಂದಕ್ಕೆ ಸರಿಸುತ್ತಾರೆ. ಅದೇ ಜನರು ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳ ಬಂತೆಂದರೆ, ಕೆಲಸ ಮುಗಿಸಿ ಎರಡು ಗಾಡಿ ಬದಲಾಯಿಸಿ ಸಭಾಗೃಹಕ್ಕೆ ಹೋಗುತ್ತಾರೆ. ಹತ್ತಾರು ಸಲ ನೋಡಿದ ಪ್ರಸಂಗವನ್ನೇ ಇನ್ನೊಮ್ಮೆ ನೋಡುತ್ತಾರೆ. ಅಲ್ಲಿ ಅವರ ಕಣ್ಣರಳುತ್ತದೆ, ಮೈ ನವಿರೇಳುತ್ತದೆ.

ಹಾರುವ ವೇಷ ಬೇಸರ ತರಿಸಿದರೆ, ಹಲಗೆಯ ಮೇಲೆ ಕುಣಿಯುವ ವೇಷ ಬೆರಗು ಹುಟ್ಟಿಸುವುದೇಕೆ? ಅಸಾಧಾರಣ ಎನ್ನುವುದು ವಸ್ತುವಿನಲ್ಲೇ ಇರುವ ಗುಣವಾಗಿದ್ದರೆ ಹೀಗಾಗಬಾರದಿತ್ತು. ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಶತಮಾನಗಳಿಂದ ಎದುರಿಸಿದೆ. ಗಣಿತವೂ ಮನಃಶಾಸ್ತ್ರವೂ ತಮ್ಮ ಪಾಲಿನ ಉತ್ತರ ಕೊಟ್ಟಿವೆ. ಎಲ್ಲವನ್ನೂ ಬುಡದಿಂದ ನೋಡೋಣ.

## ಅಪರೂಪವೆಲ್ಲ ಅಸಾಧಾರಣವಲ್ಲ

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ವಿರಳವಾಗಿ ನಡೆಯುವುದನ್ನೆಲ್ಲ ನಾವು ಅಸಾಧಾರಣ ಎಂದುಬಿಡುತ್ತೇವೆ. ಯಾವುದು ವಿರಳ ಎಂದು ಅಂದಾಜು ಮಾಡುವುದರಲ್ಲಿ ಮನುಷ್ಯನ ಮನಸ್ಸು ಬಹಳ ಹಿಂದೆ.

ಒಂದು ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರಬೇಕಾದರೆ ಎಷ್ಟು ಜನ ಬೇಕು? ವರ್ಷಕ್ಕೆ 365 ದಿನ ಇರುವುದರಿಂದ ನೂರೈವತ್ತೋ ಇನ್ನೂರೋ ಬೇಕೆಂದು ತೋರುತ್ತದೆ. ಗಣಿತದ ಪ್ರಕಾರ 23 ಜನ ಸೇರಿದರೆ ಸಾಕು, ಆ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗುತ್ತದೆ. 70 ಜನರಿದ್ದರೆ ಅದು ಶೇಕಡಾ 99.9ನ್ನು ದಾಟುತ್ತದೆ. ಇಲ್ಲಿ ಹೋಲಿಸಬೇಕಾದದ್ದು ಒಬ್ಬೊಬ್ಬರನ್ನು ದಿನಗಳ ಜೊತೆಗಲ್ಲ, ಪ್ರತಿಯೊಬ್ಬರನ್ನೂ ಉಳಿದ ಪ್ರತಿಯೊಬ್ಬರ ಜೊತೆಗೆ. 23 ಜನರಲ್ಲಿ ಇಂಥ ಜೋಡಿಗಳು 253 ಆಗುತ್ತವೆ. ಬೆಳಗಿನ ಲೋಕಲ್ ರೈಲಿನ ಒಂದೊಂದು ಬೋಗಿಯಲ್ಲೂ ಒಂದೇ ದಿನ ಹುಟ್ಟಿದವರು ಒಬ್ಬರ ಭುಜಕ್ಕೊಬ್ಬರು ತಾಗಿ ನಿಂತಿರುತ್ತಾರೆ. ಅವರು ಪರಸ್ಪರ ಕೇಳಿಕೊಳ್ಳುವುದಿಲ್ಲ, ಅಷ್ಟೇ.

ಕೇಂಬ್ರಿಜ್‌ನ ಗಣಿತಜ್ಞ ಜೆ. ಇ. ಲಿಟಲ್‌ವುಡ್ ಅವರ ಹೆಸರಿನಲ್ಲಿ ಇನ್ನೊಂದು ಲೆಕ್ಕ ಪ್ರಚಲಿತವಾಗಿದೆ. ಹತ್ತು ಲಕ್ಷಕ್ಕೆ ಒಂದು ಸಲ ಘಟಿಸುವುದನ್ನು ಪವಾಡ ಎನ್ನೋಣ. ದಿನಕ್ಕೆ ಎಂಟು ಗಂಟೆ ನಾವು ಎಚ್ಚರಿಕೆಯಿಂದ ಲೋಕವನ್ನು ಗಮನಿಸುತ್ತೇವೆ, ಸೆಕೆಂಡಿಗೊಂದರಂತೆ ಏನಾದರೂ ಕಣ್ಣಿಗೋ ಕಿವಿಗೋ ಬೀಳುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 28,800 ಘಟನೆಗಳಾದವು. 35 ದಿನಗಳಲ್ಲಿ ಹತ್ತು ಲಕ್ಷ ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ತಿಂಗಳಿಗೊಂದು 'ಪವಾಡ' ಪ್ರತಿಯೊಬ್ಬರಿಗೂ ಸಿಗಲೇಬೇಕು. ಹಳೆಯ ಸ್ನೇಹಿತನನ್ನು ನೆನೆದ ಗಳಿಗೆಯಲ್ಲೇ ದಾದರ್ ಸೇತುವೆಯ ಮೇಲೆ ಅವನು ಎದುರಾದರೆ ಸಂತೋಷಪಡೋಣ. ಅದಕ್ಕೆ ಲೋಕದ ನಿಯಮ ಮುರಿದುಬೀಳಬೇಕಾಗಿಲ್ಲ.

ಹೀಗೆ ವಿರಳವಾದದ್ದು ಅಪರೂಪ. ಪ್ರಕೃತಿಯ ನಿಯಮವನ್ನೇ ಮೀರಿದ್ದು ಎಂದು ಜನ ನಂಬುವುದು ಅತಿಮಾನುಷ. ಅದು ಶ್ರದ್ಧೆಗೆ ಸೇರಿದ ವಿಷಯ, ಈ ಲೇಖನದ ವ್ಯಾಪ್ತಿಯದಲ್ಲ. ಮೂರನೆಯದು, ನಮ್ಮ ಮನಸ್ಸು ಇಟ್ಟುಕೊಂಡಿರುವ ಅಳತೆಗೋಲನ್ನು ಮೀರಿ ನಿಲ್ಲುವುದು. ಇಲ್ಲಿ ಅಸಾಧಾರಣ ಎಂದು ಕರೆಯುವುದು ಇದನ್ನೇ. ಅಪರೂಪವಲ್ಲದ ವಸ್ತುವೂ ಅಸಾಧಾರಣವಾಗಬಹುದು, ದಿನವೂ ಏಳುವ ಸೂರ್ಯನ ಹಾಗೆ.

## ಮನಸ್ಸಿನ ಅಂದಾಜು

ವಿರಾರಿನಿಂದ ಚರ್ಚ್‌ಗೇಟಿಗೆ ವರ್ಷಗಟ್ಟಲೆ ಓಡಾಡಿದ ಪ್ರಯಾಣಿಕನನ್ನು ನೆನಪಿಸಿಕೊಳ್ಳಿ. ಅವನು ನಿದ್ದೆ ಹೋಗಿರುತ್ತಾನೆ. ಗದ್ದಲ, ಫೋನಿನ ಮಾತು, ಭಜನೆಯ ತಾಳ ಯಾವುದೂ ಅವನನ್ನು ಎಬ್ಬಿಸುವುದಿಲ್ಲ. ಆದರೆ ಎರಡು ನಿಲ್ದಾಣಗಳ ನಡುವೆ ಗಾಡಿ ಸುಮ್ಮನೆ ನಿಂತು, ಫ್ಯಾನುಗಳ ಸದ್ದು ಅಡಗಿತೋ, ತಟ್ಟನೆ ಕಣ್ಣು ಬಿಡುತ್ತಾನೆ. ಮಿದುಳು ಕೆಲಸ ಮಾಡುವುದು ಬಹುಮಟ್ಟಿಗೆ ಈ ಪ್ರಯಾಣಿಕನಂತೆ. ಮುಂದೆ ಏನಾಗುತ್ತದೆ ಎಂಬ ಅಂದಾಜನ್ನು ಅದು ಸದಾ ಕಟ್ಟುತ್ತಿರುತ್ತದೆ. ಅಂದಾಜಿನಂತೆ ನಡೆದದ್ದನ್ನು ಗಮನಕ್ಕೆ ತಂದುಕೊಳ್ಳುವುದೇ ಇಲ್ಲ. ತಪ್ಪಿದಾಗ ಮಾತ್ರ ಎಚ್ಚರಗೊಳ್ಳುತ್ತದೆ.

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಇದನ್ನು ಗಮನಿಸಿ 'ಇದೇನು?' ಪ್ರತಿಕ್ರಿಯೆ ಎಂದು ಕರೆದರು. ಹೊಸ ಸದ್ದು ಕೇಳಿದೊಡನೆ ಪ್ರಾಣಿ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಆ ಕಡೆ ತಿರುಗುತ್ತದೆ. ಅದೇ ಸದ್ದು ಮತ್ತೆ ಮತ್ತೆ ಕೇಳಿದರೆ ತಿರುಗುವುದು ಕಡಿಮೆಯಾಗುತ್ತಾ ಕೊನೆಗೆ ನಿಂತುಹೋಗುತ್ತದೆ. ಇದಕ್ಕೆ ಒಗ್ಗಿಹೋಗುವಿಕೆ ಎನ್ನಬಹುದು. ಬದುಕಲು ಇದು ಅಗತ್ಯ. ಎಲ್ಲ ಸದ್ದಿಗೂ ಬೆಚ್ಚುತ್ತಿದ್ದರೆ ಮುಂಬಯಿಯಲ್ಲಿ ಒಂದು ದಿನವೂ ಬಾಳಲಾಗದು.

ಬರಿಯ ಬೆಚ್ಚುವಿಕೆ ಬೆರಗಾಗುವುದಿಲ್ಲ. ಬೆರಗಿಗೆ ಇನ್ನೊಂದು ಮೆಟ್ಟಿಲು ಬೇಕು. ಅಮೆರಿಕದ ಮನಃಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್‌ನರ್ ಮತ್ತು ಜೊನಾಥನ್ ಹೈಟ್ 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅದಕ್ಕೆ ಎರಡು ಅಂಶಗಳನ್ನು ಗುರುತಿಸಿದರು. ಒಂದು, ಎದುರಿಗಿರುವುದು ನಮಗಿಂತ ದೊಡ್ಡದಾಗಿ ತೋರಬೇಕು. ಅದು ಗಾತ್ರದಲ್ಲಿ ಇರಬಹುದು, ಪ್ರತಿಭೆಯಲ್ಲಿ ಇರಬಹುದು, ಸಜ್ಜನಿಕೆಯಲ್ಲೂ ಇರಬಹುದು. ಎರಡು, ಮನಸ್ಸು ತನ್ನಲ್ಲಿದ್ದ ಹಳೆಯ ಚೌಕಟ್ಟಿನೊಳಗೆ ಅದನ್ನು ಕೂರಿಸಲಾರದೆ ಚೌಕಟ್ಟನ್ನೇ ಹಿಗ್ಗಿಸಿಕೊಳ್ಳಬೇಕು. ಈ ಎರಡನೆಯ ಅಂಶವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಪಟಾಕಿ ಸಿಡಿದರೆ ಬೆಚ್ಚುತ್ತೇವೆ, ಆದರೆ ನಮ್ಮೊಳಗೆ ಏನೂ ಬದಲಾಗುವುದಿಲ್ಲ. ನಿಜವಾದ ಬೆರಗು ಆಗಿಹೋದ ಮೇಲೆ ನಮ್ಮ ಅಳತೆಗೋಲು ಮೊದಲಿನಷ್ಟೇ ಉದ್ದ ಇರುವುದಿಲ್ಲ.

ಅಳತೆ ಮೀರಬೇಕಾದರೆ ಮೊದಲು ಅಳತೆ ಇರಬೇಕು ಎಂಬುದೂ ಇದರೊಳಗೆ ಅಡಗಿದೆ. ಸಾಧಾರಣವನ್ನು ಬಲ್ಲವರಿಗೆ ಮಾತ್ರ ಅಸಾಧಾರಣ ಗೋಚರಿಸುತ್ತದೆ. ಮುಂದೆ ಬರುವ ಎಲ್ಲ ಉದಾಹರಣೆಗಳಲ್ಲೂ ಇದು ಕಾಣುತ್ತಾ ಹೋಗುತ್ತದೆ.

## ಭರತ ಬರೆದಿಟ್ಟ ಲಕ್ಷಣಗಳು

ನಾಟ್ಯಶಾಸ್ತ್ರದಲ್ಲಿ ಭರತ ಹೇಳುವ ಎಂಟು ರಸಗಳಲ್ಲಿ ಅದ್ಭುತವೂ ಒಂದು. ರಸ ಎಂದರೆ ಕಲೆಯ ಎದುರು ಪ್ರೇಕ್ಷಕ ಸವಿಯುವ ಅನುಭವ. ಪ್ರತಿಯೊಂದು ರಸಕ್ಕೂ ಮನಸ್ಸಿನಲ್ಲಿ ಮೊದಲೇ ನೆಲೆಸಿರುವ ಒಂದು ಭಾವ ಮೂಲವಾಗಿರುತ್ತದೆ. ಅದ್ಭುತಕ್ಕೆ ಮೂಲ ವಿಸ್ಮಯ. ಯಾವುದರಿಂದ ಅದು ಕೆರಳುತ್ತದೆ ಎಂಬುದಕ್ಕೂ ಭರತನಲ್ಲಿ ಉತ್ತರವಿದೆ. ದಿವ್ಯವಾದುದನ್ನು ಕಾಣುವುದು, ಬಹುಕಾಲ ಬಯಸಿದ್ದು ಕೈಗೂಡುವುದು, ಉಪವನಕ್ಕೋ ದೇವಾಲಯಕ್ಕೋ ಹೋಗುವುದು, ಮಾಯೆ, ಇಂದ್ರಜಾಲ. ಬಯಸಿದ್ದು ಕೈಗೂಡುವುದನ್ನೂ ತೋಟಕ್ಕೆ ಹೋಗುವುದನ್ನೂ ಮಾಯೆಯ ಪಕ್ಕದಲ್ಲೇ ಇಟ್ಟಿರುವುದು ಗಮನಿಸಬೇಕಾದ ಮಾತು. ಅದ್ಭುತಕ್ಕೆ ದೇವರೇ ಇಳಿದು ಬರಬೇಕೆಂದಿಲ್ಲ.

ಬೆರಗಾದವನ ಮೈಯಲ್ಲಿ ಕಾಣುವ ಗುರುತುಗಳೂ ಅಲ್ಲಿವೆ. ಅರಳಿದ ಕಣ್ಣು, ಎವೆಯಿಕ್ಕದ ನೋಟ, ರೋಮಾಂಚ, ಕಣ್ಣೀರು, ಬೆವರು, 'ಭಲೆ' ಎಂಬ ಮೆಚ್ಚುಗೆ. ಇವುಗಳಲ್ಲಿ ರೋಮಾಂಚದ ಕಾರಣವನ್ನು ಇಂದಿನ ಶರೀರಶಾಸ್ತ್ರ ವಿವರಿಸುತ್ತದೆ. ಪ್ರತಿ ಕೂದಲಿನ ಬುಡದಲ್ಲೂ ಒಂದು ಪುಟ್ಟ ಸ್ನಾಯು ಇದೆ. ನಮ್ಮ ಇಚ್ಛೆಗೆ ಒಳಪಡದ ನರವ್ಯೂಹ ಅದನ್ನು ಬಿಗಿದಾಗ ಕೂದಲು ನೆಟ್ಟಗಾಗುತ್ತದೆ. ಚಳಿಗೂ ಭಯಕ್ಕೂ ಕೆಲಸ ಮಾಡುವ ಈ ಏರ್ಪಾಡೇ ಒಂದು ಆಲಾಪಕ್ಕೂ ಎದ್ದು ನಿಲ್ಲುತ್ತದೆ.

ಅದ್ಭುತವು ವೀರದಿಂದ ಹುಟ್ಟುತ್ತದೆ ಎಂದೂ ಭರತ ಹೇಳುತ್ತಾನೆ. ಒಬ್ಬನ ಪರಾಕ್ರಮ ಇನ್ನೊಬ್ಬನ ಕಣ್ಣಿಗೆ ವಿಸ್ಮಯ. ಮುಂದಿನ ಶತಮಾನಗಳಲ್ಲಿ ಆಲಂಕಾರಿಕರು ಈ ಎಳೆಯನ್ನು ಬೆಳೆಸಿದರು. ಕಾಶ್ಮೀರದ ಅಭಿನವಗುಪ್ತ ಕಲೆಯ ಅನುಭವವನ್ನೇ ಚಮತ್ಕಾರ, ಅಂದರೆ ಬೆರಗು ಬೆರೆತ ಸವಿ, ಎಂಬ ಪದದಿಂದ ವಿವರಿಸಿದ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ಪೂರ್ವಿಕನಾದ ನಾರಾಯಣನ ಅಭಿಪ್ರಾಯವನ್ನು ದಾಖಲಿಸುತ್ತಾನೆ. ಅದರಂತೆ ಎಲ್ಲ ರಸಗಳ ತಿರುಳೂ ಚಮತ್ಕಾರವೇ ಆದ್ದರಿಂದ ಎಲ್ಲದರೊಳಗೂ ಇರುವುದು ಅದ್ಭುತವೇ. ದುಃಖದ ಕಥೆ ಓದಿ ಅಳುವವನೂ ಒಳಗೆಲ್ಲೋ ಬೆರಗಾಗಿರುತ್ತಾನೆ, ಇಲ್ಲದಿದ್ದರೆ ಪುಸ್ತಕ ಮುಚ್ಚಿಟ್ಟು ಎದ್ದು ಹೋಗುತ್ತಿದ್ದ.

ಕಲೆಯ ಅನುಭವವನ್ನು ಇವರು ಅಲೌಕಿಕ ಎಂದಾಗ ದೈವಿಕ ಎಂಬರ್ಥದಲ್ಲಿ ಹೇಳುತ್ತಿಲ್ಲ. ದಿನದ ವ್ಯವಹಾರದಲ್ಲಿ ನಮ್ಮ ಲಾಭನಷ್ಟ ಬೆರೆತಿರುತ್ತದೆ. ರಂಗದ ಮೇಲಿನ ಬೆಂಕಿಗೆ ನಾವು ನೀರು ತರಲು ಓಡುವುದಿಲ್ಲ. ಸ್ವಂತದ ಆತಂಕ ಬದಿಗೆ ಸರಿದು, ನೋಡುವುದಷ್ಟೇ ಉಳಿಯುವ ಸ್ಥಿತಿ ಅದು.

## ಚೌಕಿಯಿಂದ ರಂಗಕ್ಕೆ

ಕರಾವಳಿಯಲ್ಲಿ ಮಳೆ ಹಿಡಿದು ಬಯಲಾಟ ನಿಂತ ಮೇಲೆ ತಂಡಗಳು ಮುಂಬಯಿಗೆ ಬರುತ್ತವೆ. ಬಂಟರು, ಬಿಲ್ಲವರು, ಮೊಗವೀರರು, ಇನ್ನೂ ಹಲವು ಸಮಾಜಗಳ ಸಂಘಗಳು ಆಟ ಆಡಿಸುತ್ತವೆ. ಪ್ರೇಕ್ಷಕರಲ್ಲಿ ಬಹುಪಾಲು ಜನರಿಗೆ ಕಥೆಯ ಕೊನೆ ಗೊತ್ತು, ಪದ್ಯಗಳು ಗೊತ್ತು, ಮುಂದಿನ ವೇಷ ಯಾವ ಕಡೆಯಿಂದ ಬರುತ್ತದೆ ಎಂಬುದೂ ಗೊತ್ತು.

ರಾಕ್ಷಸ ಪಾತ್ರಗಳಿಗೆ ಕಟ್ಟುವ ಬಣ್ಣದ ವೇಷದ ಪ್ರವೇಶವನ್ನು ನೋಡಿ. ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಉಬ್ಬಿ ನಿಲ್ಲುವ ಚುಕ್ಕೆಗಳಂಥ ಚಿಟ್ಟಿಯನ್ನು ಒಂದೊಂದೇ ಇಟ್ಟು ಆ ಮುಖವನ್ನು ಕಟ್ಟಿರುತ್ತಾರೆ. ಅಷ್ಟು ಕಷ್ಟಪಟ್ಟು ಕಟ್ಟಿದ ಮುಖವನ್ನು ರಂಗಕ್ಕೆ ತಂದ ಕೂಡಲೇ ತೋರಿಸುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ಕುಣಿಯುತ್ತದೆ. ಕಿರೀಟದ ತುದಿ ಒಮ್ಮೆ, ತೆರೆಯ ಅಂಚು ಹಿಡಿದ ಬೆರಳುಗಳು ಒಮ್ಮೆ, ಗೆಜ್ಜೆಯ ಸದ್ದು, ಅಬ್ಬರದ ಕೂಗು. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಉರಿ ಏಳುತ್ತದೆ. ಚೆಂಡೆ ಏರುತ್ತಾ ಹೋಗುತ್ತದೆ. ಇಷ್ಟೂ ಹೊತ್ತು ಪ್ರೇಕ್ಷಕನ ಮನಸ್ಸು ಆ ಮುಖವನ್ನು ತಾನೇ ಕಟ್ಟುತ್ತಿರುತ್ತದೆ. ತೆರೆ ಸರಿದಾಗ ತಾನು ಕಟ್ಟಿಕೊಂಡದ್ದಕ್ಕಿಂತ ರಂಗದ ಮುಖ ದೊಡ್ಡದಾಗಿದ್ದರೆ ಬೆರಗು ಸಂಭವಿಸುತ್ತದೆ. ಮೊಬೈಲಿನ ಚಿತ್ರ ಮೊದಲ ಕ್ಷಣದಲ್ಲೇ ಎಲ್ಲವನ್ನೂ ಕೊಟ್ಟುಬಿಡುವುದರಿಂದ ಅಂದಾಜು ಕಟ್ಟಲು ಮನಸ್ಸಿಗೆ ಸಮಯವೇ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷ್ಯ ತಾಳಮದ್ದಲೆ. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನ ನಾಲ್ಕಾರು ಜನ ಕುಳಿತಿರುತ್ತಾರೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಆ ಕ್ಷಣದಲ್ಲಿ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯ ಬರೆದದ್ದು, ಮಾತು ಬರೆದದ್ದಲ್ಲ. ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳುತ್ತಾನೆ ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಇಂದಿನ ವಾಲಿ ಅದನ್ನು ಯಾವ ದಿಕ್ಕಿನಿಂದ ಕೇಳುತ್ತಾನೆ, ಇಂದಿನ ರಾಮ ಏನು ಹೇಳಿ ಪಾರಾಗುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ, ಆ ಇಬ್ಬರು ಕಲಾವಿದರಿಗೂ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಕೇಳಿದವರು ಇಂದಿಗೂ ನೆನೆಯುವುದು ವಾಲಿ ಸತ್ತನೆಂಬುದನ್ನಲ್ಲ, ಸಾಯುವ ಮೊದಲು ಅವನು ರಾಮನನ್ನು ಎಲ್ಲಿ ಕಟ್ಟಿಹಾಕಿದ ಎಂಬುದನ್ನು. ಕಣ್ಣಿಗೆ ಕಾಣುವ ಅದ್ಭುತ ಇಲ್ಲಿ ಒಂದಿಷ್ಟೂ ಇಲ್ಲ. ಗೊತ್ತಿರುವ ದಾರಿಯಲ್ಲೇ ಗೊತ್ತಿಲ್ಲದ ತಿರುವು ಹುಟ್ಟುತ್ತದೆ.

ಸಂಗೀತದಲ್ಲೂ ಇದೇ ಕ್ರಮ. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ನೆನಪಿನಲ್ಲಿ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಇಂದಿಗೂ ಸಾವಿರಾರು ಜನರನ್ನು ಸೇರಿಸುತ್ತದೆ. ಇವರಿಬ್ಬರ ಗಾಯನ ಪರಂಪರೆಯಾದ ಕಿರಾನಾ ಘರಾಣೆಯ ಗಾಯಕರು ವಿಲಂಬಿತ ಖಯಾಲಿನಲ್ಲಿ ಒಂದೊಂದು ಸ್ವರವನ್ನೂ ನಿಧಾನವಾಗಿ ಬಿಡಿಸುತ್ತಾ ಮೇಲೇರುತ್ತಾರೆ. ಮೊದಲ ಅರ್ಧ ಗಂಟೆ ಕೇಳುಗನಿಗೆ ರಾಗದ ಬೀದಿಗಳ ಪರಿಚಯವಾಗುತ್ತದೆ. ತಾರ ಷಡ್ಜವನ್ನು, ಅಂದರೆ ಮೇಲಿನ ಸ್ಥಾಯಿಯ 'ಸ' ಸ್ವರವನ್ನು, ಮುಟ್ಟದೆ ಅದರ ಹೊಸ್ತಿಲಲ್ಲೇ ಸುಳಿದಾಡಿ, ಕೊನೆಗೊಮ್ಮೆ ಅಲ್ಲಿ ನಿಂತಾಗ ಇಡೀ ಸಭೆ ಒಟ್ಟಿಗೆ ಉಸಿರು ಬಿಡುತ್ತದೆ. ಆ ಒಂದು ಸ್ವರವನ್ನಷ್ಟೇ ಕತ್ತರಿಸಿ ಕೇಳಿಸಿದರೆ ಅದು ಬರಿಯ ಷಡ್ಜ.

## ಕಥೆಯೊಳಗಿನ ಕಟ್ಟುಪಾಡು

ಅಸಾಧ್ಯವಾದುದನ್ನು ಹೇಳುವ ಕಥೆಗಾರ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬಹುದು ಎಂದು ಅನೇಕರು ಭಾವಿಸುತ್ತಾರೆ. ನಮ್ಮ ಜನಪದ ಕಥೆಗಳು ಹಾಗಿಲ್ಲ. ಹೂಮರವಾಗುವ ಹುಡುಗಿಯ ಕಥೆ ಕನ್ನಡನಾಡಿನಲ್ಲಿ ಹಲವು ಕಡೆ ಇದೆ, ಎ. ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿ ಇಂಗ್ಲಿಷಿನ ಓದುಗರಿಗೂ ಪರಿಚಯಿಸಿದರು. ಹುಡುಗಿ ಮರವಾಗುವುದು ಅಸಾಧ್ಯ. ಆದರೆ ಆ ಅಸಾಧ್ಯಕ್ಕೆ ಬಿಗಿಯಾದ ನಿಯಮಗಳಿವೆ. ಒಂದು ಕೊಡ ನೀರು ಸುರಿದರೆ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನೀರಿಗೆ ಉಗುರು ತಾಕಬಾರದು. ಹೂವನ್ನು ಮೆಲ್ಲಗೆ ಬಿಡಿಸಬೇಕು, ಕೊಂಬೆ ಮುರಿಯಬಾರದು. ನಾದಿನಿ ಮತ್ತವಳ ಗೆಳತಿಯರು ಈ ನಿಯಮ ಮುರಿದಾಗಲೇ ಅನಾಹುತವಾಗುವುದು. ಕೈಕಾಲಿಲ್ಲದೆ ಬಿದ್ದ ಹುಡುಗಿಗಾಗಿ ಕೇಳುಗ ಮರುಗುವುದು ಆ ನಿಯಮ ಅವನಿಗೆ ಮೊದಲೇ ಗೊತ್ತಿರುವುದರಿಂದ. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಯಾವುದು ಆದರೂ ಒಂದೇ. ತಂತ್ರಾಂಶ ಹೊರಡಿಸುವ ಚಿತ್ರಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಕಥೆಯಲ್ಲಿ, ರಾತ್ರಿ ಆರಿಸಿದ ಮೇಲೆ ಊರಿನ ದೀಪದ ಕುಡಿಗಳೆಲ್ಲ ಹನುಮಂತನ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಹೇಳುವ ಅಜ್ಜಿ ಇದನ್ನು ದನಿ ಏರಿಸದೆ, ಸಂತೆಗೆ ಹೋಗಿ ಬಂದ ಹಾಗೆ ಹೇಳುತ್ತಾಳೆ. ಆ ಸಮತೂಕದ ದನಿಯಿಂದಲೇ ನಂಬಿಕೆ ಬರುತ್ತದೆ.

ಓದುಗ ಅನುಮಾನದಲ್ಲಿ ತೂಗಾಡುವ ಕಥೆಗಳದು ಬೇರೆ ಬಗೆ. ಕಂಡದ್ದು ದೆವ್ವವೋ ಭ್ರಮೆಯೋ? ಫ್ರಾನ್ಸಿನಲ್ಲಿ ನೆಲೆಸಿದ್ದ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಈ ತೂಗಾಟಕ್ಕೇ ಹೆಸರು ಕೊಟ್ಟು ವಿವರಿಸಿದರು. ಅವರ ಪ್ರಕಾರ ವಿಚಿತ್ರ ಸಾಹಿತ್ಯ ಬದುಕಿರುವುದು ನಿರ್ಧಾರವಾಗದ ಆ ಹೊತ್ತಿನಲ್ಲಿ ಮಾತ್ರ. ಭ್ರಮೆ ಎಂದು ಗೊತ್ತಾದರೆ ಕಥೆ ನಮ್ಮ ಲೋಕಕ್ಕೆ ಮರಳುತ್ತದೆ, ದೆವ್ವವೇ ಎಂದಾದರೆ ಅದ್ಭುತ ಕಥೆಗಳ ಸಾಲಿಗೆ ಸೇರುತ್ತದೆ.

ದೆವ್ವವೂ ಇಲ್ಲದೆ, ಮರವಾಗುವ ಹುಡುಗಿಯೂ ಇಲ್ಲದೆ ಬೆರಗು ಹುಟ್ಟಿಸುವ ದಾರಿಯನ್ನು ರಷ್ಯಾದ ವಿಮರ್ಶಕ ವಿಕ್ಟರ್ ಶ್ಕ್ಲೊವ್‌ಸ್ಕಿ 1917ರಲ್ಲಿ ವಿವರಿಸಿದರು. ಟಾಲ್‌ಸ್ಟಾಯ್ ದಿನಚರಿಯ ಒಂದು ಪ್ರಸಂಗವನ್ನು ಅವರು ಎತ್ತಿಕೊಳ್ಳುತ್ತಾರೆ. ಕೋಣೆಯ ಧೂಳು ಒರೆಸುತ್ತಾ ಬಂದ ಟಾಲ್‌ಸ್ಟಾಯ್‌ಗೆ ಸೋಫಾವನ್ನು ಒರೆಸಿದೆನೋ ಇಲ್ಲವೋ ಎಂಬುದೇ ನೆನಪಾಗಲಿಲ್ಲ. ಅಭ್ಯಾಸಬಲದಿಂದ ಮಾಡಿದ್ದು ಮಾಡಿಯೇ ಇಲ್ಲವೆಂಬಂತಾಯಿತು. ಹೀಗೆ ಅಭ್ಯಾಸ ನುಂಗಿಹಾಕಿದ ವಸ್ತುಗಳನ್ನು ಅಪರಿಚಿತಗೊಳಿಸಿ ಮತ್ತೆ ಕಾಣಿಸುವುದೇ ಕಲೆಯ ಕೆಲಸ ಎಂದರು ಶ್ಕ್ಲೊವ್‌ಸ್ಕಿ. ಟಾಲ್‌ಸ್ಟಾಯ್ ಒಂದು ಕಥೆಯನ್ನು ಕುದುರೆಯ ಬಾಯಲ್ಲಿ ಹೇಳಿಸಿದ್ದಾರೆ. 'ನನ್ನದು' ಎಂಬ ಮನುಷ್ಯರ ಮಾತು ಕುದುರೆಗೆ ಅರ್ಥವೇ ಆಗುವುದಿಲ್ಲ. ಓದುವ ನಮಗೂ ಆಸ್ತಿ ಎಂಬ ವಿಚಾರ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಕಾಣತೊಡಗುತ್ತದೆ.

ಮುಂಬಯಿಯ ಕನ್ನಡ ಕಥನ ಹೆಚ್ಚಾಗಿ ಹಿಡಿದದ್ದು ಈ ಮೂರನೆಯ ದಾರಿ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇಲ್ಲಿನ ಚಾಳು, ಕಚೇರಿ, ರೈಲು ನಿಲ್ದಾಣಗಳನ್ನೇ ಬರೆದರು. ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂದಿತು.

## ಘಾರಾಪುರಿಯ ಕತ್ತಲು

ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಹೋದರೆ ಘಾರಾಪುರಿ. ಎಲಿಫೆಂಟಾ ಎಂಬುದು ಪೋರ್ಚುಗೀಸರು ಇಟ್ಟ ಹೆಸರು. ಆರನೆಯ ಶತಮಾನದ್ದೆಂದು ಹೇಳಲಾಗುವ ಇಲ್ಲಿನ ಶೈವ ಗುಹೆಯನ್ನು ಯುನೆಸ್ಕೊ 1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಹೊರಗಿನ ಉರಿಬಿಸಿಲಿನಿಂದ ಒಳಗೆ ಬಂದವರಿಗೆ ಮೊದಲು ಏನೂ ಸರಿಯಾಗಿ ಕಾಣುವುದಿಲ್ಲ. ಕಣ್ಣಿನ ಪಾಪೆ ಹಿಗ್ಗಬೇಕು, ಅದರ ಬಳಿಕ ಒಳಪರದೆ ಮಂದ ಬೆಳಕಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಆ ನಿಮಿಷಗಳಲ್ಲಿ ಕಂಬಸಾಲಿನ ಆಚೆ, ಹಿಂಬದಿಯ ಗೋಡೆಯಿಂದ, ಸುಮಾರು ಇಪ್ಪತ್ತು ಅಡಿ ಎತ್ತರದ ಸದಾಶಿವ ನಿಧಾನವಾಗಿ ಮೂಡುತ್ತಾನೆ. ನಡುವಿನ ಮುಖ ಶಾಂತ, ಒಂದು ಪಕ್ಕದ್ದು ಉಗ್ರ, ಇನ್ನೊಂದು ಪಕ್ಕದ್ದು ಕೋಮಲ. ಎದೆಯವರೆಗೆ ಮಾತ್ರ ಕೆತ್ತಿದ್ದಾರೆ. ಉಳಿದ ದೇಹ ನೆಲದ ಕೆಳಗೆ ಎಷ್ಟಿದೆಯೋ ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ತೆರೆಯ ಹಿಂದಿನ ವೇಷ ಬಳಸಿಕೊಂಡ ಉಪಾಯವನ್ನೇ ಇಲ್ಲಿ ಕತ್ತಲು ನಿರ್ವಹಿಸಿದೆ.

ಗುಹೆ ಕಟ್ಟಿದ್ದಲ್ಲ, ಕಡಿದದ್ದು. ಕಗ್ಗಲ್ಲಿನ ಬೆಟ್ಟದಲ್ಲಿ ಬೇಡದ್ದನ್ನೆಲ್ಲ ತೆಗೆಯುತ್ತಾ ಹೋದಾಗ ಕಂಬವೂ ಸೂರೂ ಮೂರ್ತಿಯೂ ಉಳಿದವು. ಒಂದು ಏಟು ತಪ್ಪಿದರೆ ಆ ಮೂಗನ್ನು ಮತ್ತೆ ಅಂಟಿಸಲಾಗದು. ಈ ಮಾತು ತಿಳಿದು ನೋಡುವವರಿಗೂ ತಿಳಿಯದೆ ನೋಡುವವರಿಗೂ ಕಲ್ಲು ಒಂದೇ, ಬೆರಗು ಬೇರೆ ಬೇರೆ.

## ಯಂತ್ರ ತೋರಿಸಿದ ವಿಸ್ಮಯಗಳು

ಯಂತ್ರದಿಂದ ಬಂದ ಬೆರಗು ಈ ನಗರಕ್ಕೆ ಹೊಸದಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ದೂರ, 14 ಬೋಗಿಗಳಲ್ಲಿ ಸುಮಾರು 400 ಅತಿಥಿಗಳನ್ನು ಹೊತ್ತು ರೈಲು ಹೊರಟಾಗ ದಾರಿಯುದ್ದಕ್ಕೂ ಜನ ನೆರೆದಿದ್ದರು. 1896ರ ಜುಲೈ 7ರಂದು ಕಾಳಾ ಘೋಡಾದ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಆರು ಕಿರುಚಿತ್ರಗಳನ್ನು ಒಂದು ರೂಪಾಯಿ ಪ್ರವೇಶಧನಕ್ಕೆ ತೋರಿಸಿದರು. ಅವುಗಳಲ್ಲೊಂದು, ನಿಲ್ದಾಣಕ್ಕೆ ರೈಲು ಬಂದು ನಿಲ್ಲುವ ದೃಶ್ಯ. ನಾಲ್ಕು ದಶಕಗಳಲ್ಲಿ ರೈಲು ಮಾಮೂಲಾಗಿತ್ತು. ಪರದೆಯ ಮೇಲೆ ಬಂದಾಗ ಮತ್ತೆ ವಿಸ್ಮಯವಾಯಿತು.

ದಾದಾಸಾಹೇಬ ಫಾಲ್ಕೆಯವರು ಚಿತ್ರ ತಯಾರಿಸುವ ಮೊದಲು ಜಾದೂ ಕಲಿತಿದ್ದರು. 1913ರ ಮೇ 3ರಂದು ಗಿರಗಾಂವದ ಕಾರೊನೇಷನ್ ಚಿತ್ರಮಂದಿರದಲ್ಲಿ ಅವರ ಹರಿಶ್ಚಂದ್ರನ ಚಿತ್ರ ತೆರೆಕಂಡಿತು. ಅದರಲ್ಲಿ ತಾರಾಮತಿಯಾದವರು ಅಣ್ಣಾ ಸಾಳುಂಕೆ, ಗ್ರಾಂಟ್ ರೋಡಿನ ಉಪಾಹಾರ ಗೃಹವೊಂದರ ಕೆಲಸಗಾರ. 1917ರ ಲಂಕಾದಹನದ ಚಿತ್ರದಲ್ಲಿ ರಾಮನೂ ಅವರೇ, ಸೀತೆಯೂ ಅವರೇ. ರಾಮ ಪರದೆಗೆ ಬಂದಾಗ ಪ್ರೇಕ್ಷಕರು ಚಪ್ಪಲಿ ಕಳಚಿಡುತ್ತಿದ್ದರೆಂಬ ನೆನಪು ದಾಖಲಾಗಿದೆ. ಫಾಲ್ಕೆಯವರ ತಂತ್ರಗಳನ್ನು ಇಂದು ಶಾಲೆಯ ಹುಡುಗನೊಬ್ಬ ಮೊಬೈಲಿನಲ್ಲೇ ಮಾಡಬಲ್ಲ. ಆದರೂ ಗುಂಪಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಾಗಿ ನಿಲ್ಲುವುದನ್ನು ಕಂಡು ಅಂದು ಆದ ಕಂಪನ ತಂತ್ರದ್ದಷ್ಟೇ ಆಗಿರಲಿಲ್ಲ.

ಮಾಡುವುದು ಕಷ್ಟ ಎಂಬ ಅರಿವಿನಿಂದ ಬೆರಗಿನ ಒಂದು ಪಾಲು ಬರುತ್ತದೆ. ರಂಗದಲ್ಲಿ ಗಿರಕಿ ಹೊಡೆಯುತ್ತಾ ಧೀಂಗಿಣ ಹಾಕುವ ಕಲಾವಿದನ ಉಸಿರು ನಮಗೆ ಕೇಳಿಸುತ್ತದೆ, ಅವನು ಬೀಳಬಹುದೆಂದೂ ಗೊತ್ತಿರುತ್ತದೆ. ಆಕಾಶದಲ್ಲಿ ಹಾರುವ ಚಿತ್ರದ ವೇಷ ಬೀಳುವುದಿಲ್ಲ. ತಂತ್ರಾಂಶವನ್ನು ಕಲಾವಿದನೊಬ್ಬ ಕುಂಚದಂತೆ ಬಳಸಿ, ತನ್ನದೇ ಕಟ್ಟುಪಾಡು ಹಾಕಿಕೊಂಡು ದುಡಿದರೆ ಅಲ್ಲೂ ಒಳ್ಳೆಯ ಕೃತಿ ಬರಬಹುದು. ಸಿನಿಮಾದಲ್ಲಿ ಹಾಗೆಯೇ ಆಯಿತು.

## ಹಳಿ ತಪ್ಪದ ರೈಲು

ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1973ರಲ್ಲಿ ಬರೆದ ಪುಟ್ಟ ಪ್ರಬಂಧವೊಂದರಲ್ಲಿ ಪತ್ರಿಕೆಗಳನ್ನು ತರಾಟೆಗೆ ತೆಗೆದುಕೊಂಡರು. ಹಳಿ ತಪ್ಪಿದಾಗ ಮಾತ್ರ ರೈಲು ಎಂಬುದೊಂದು ಇದೆಯೆಂದು ನಮಗೆ ಗೊತ್ತಾಗುತ್ತದೆ, ಉಳಿದ ದಿನಗಳಲ್ಲಿ ಅದು ಇಲ್ಲವೇ ಎಂಬುದು ಅವರ ಪ್ರಶ್ನೆ. ದಿನವೂ ನಡೆಯುವುದನ್ನು, ಸದ್ದಿಲ್ಲದೆ ನಡೆಯುವುದನ್ನು ವಿಚಾರಿಸಿರಿ, ನಿಮ್ಮ ಚಹಾ ಚಮಚವನ್ನು ಪ್ರಶ್ನಿಸಿರಿ ಎಂದರು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋರು ಮಳೆಗೆ ಲೋಕಲ್ ನಿಂತ ದಿನ ಅದು ಮುಖಪುಟದ ಸುದ್ದಿ.

ಮನೆಯ ಊಟದ ಡಬ್ಬಿಯನ್ನು ಕೆಲಸದ ಜಾಗಕ್ಕೆ ತಲುಪಿಸುವ, 1890ರಿಂದ ನಡೆದು ಬಂದಿರುವ ಡಬ್ಬಾವಾಲಾಗಳ ವ್ಯವಸ್ಥೆಯನ್ನು ಜಗತ್ತು ಕೊಂಡಾಡುತ್ತದೆ. ಹತ್ತಿರದಿಂದ ನೋಡಿದರೆ ಅದರಲ್ಲಿರುವುದೆಲ್ಲ ಸಾಧಾರಣ ಸಂಗತಿಗಳೇ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಕೆಲವು ಅಕ್ಷರ, ಕೆಲವು ಅಂಕಿ. ಯಾವ ನಿಲ್ದಾಣದಿಂದ ಹೊರಟದ್ದು, ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಯಾರು ಒಯ್ಯಬೇಕು, ಯಾವ ಕಟ್ಟಡ, ಯಾವ ಮಹಡಿ. ಒಂದೇ ಡಬ್ಬಿ ಹಲವು ಕೈ ದಾಟುತ್ತದೆ, ಪ್ರತಿ ಕೈಗೂ ತನಗೆ ಬೇಕಾದ ಒಂದು ಗುರುತು ತಿಳಿದರೆ ಸಾಕು.

ನಮ್ಮವರ ಚರಿತ್ರೆಯಲ್ಲೂ ಇಂಥದ್ದೊಂದಿದೆ. ಊರು ಬಿಟ್ಟು ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಓದಿದರು. ಅವರಲ್ಲಿ ಮುಂದೆ ಹೆಸರು ಮಾಡಿದ ಕೆಲವರ ಕಥೆಯನ್ನು ಸನ್ಮಾನ ಸಮಾರಂಭಗಳಲ್ಲಿ ಅಸಾಧಾರಣ ಎಂದು ಹೇಳುತ್ತೇವೆ. ಹೆಸರು ಮಾಡದೆ, ಓದು ಬರಹ ಕಲಿತು ಊರಿಗೆ ತಾವೇ ಕಾಗದ ಬರೆಯುವಷ್ಟಾದವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದಣಿದ ಕಣ್ಣುಗಳನ್ನು ತೆರೆದಿಟ್ಟುಕೊಂಡು ಅವರು ಕಲಿತ ಅಕ್ಷರಗಳ ಮುಂದೆ ನನಗೆ ಯಾವ ಇಂದ್ರಜಾಲವೂ ದೊಡ್ಡದಾಗಿ ಕಾಣುವುದಿಲ್ಲ.

ಪೆರೆಕ್ ಹೇಳಿದ ವಿಚಾರಣೆಯನ್ನು ಮನೆಯ ನಲ್ಲಿಯಿಂದಲೇ ಆರಂಭಿಸಬಹುದು. ಬೆಳಿಗ್ಗೆ ನಿಗದಿತ ಹೊತ್ತಿಗೆ ಬರುವ ನೀರು ಎಲ್ಲಿಯದು? ವಿಹಾರ್ ಮತ್ತು ತುಳಸಿ ಕೆರೆಗಳು ನಗರದೊಳಗೇ ಇವೆ. ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಮಧ್ಯ ವೈತರಣಾ, ಮೇಲಿನ ವೈತರಣಾ ನಗರದ ಹೊರಗಿವೆ, ಕೆಲವು ಸುಮಾರು ನೂರು ಕಿಲೋಮೀಟರ್ ಆಚೆ. ವಿಹಾರ್ 1860ರದ್ದು, ತಾನ್ಸಾ 1892ರದ್ದು. ಕಾಡು ಬೆಟ್ಟಗಳ ನಡುವಿನ ಕೊಳವೆಗಳಲ್ಲಿ ನೀರು ಬಹುಮಟ್ಟಿಗೆ ಇಳಿಜಾರಿನ ಬಲದಿಂದಲೇ ಹರಿದು ಬರುತ್ತದೆ. ಕೊನೆಗೆ ನಿಮ್ಮ ಬೀದಿಗೆ ಅದನ್ನು ಬಿಡುವುದು ಮಹಾನಗರಪಾಲಿಕೆಯ ಒಬ್ಬ ನೌಕರ. ರಸ್ತೆಯ ಗುಂಡಿಯೊಳಗಿನ ಕವಾಟಕ್ಕೆ ಉದ್ದನೆಯ ಕಬ್ಬಿಣದ ಕೀಲಿ ಹಾಕಿ ಕೈಯಿಂದ ತಿರುಗಿಸುತ್ತಾನೆ, ಹೊತ್ತು ಮುಗಿದ ಮೇಲೆ ಬಂದು ಮುಚ್ಚುತ್ತಾನೆ. ಅವನನ್ನು ಇಲ್ಲಿ ಚಾವಿವಾಲಾ ಎನ್ನುತ್ತಾರೆ. ನಿಮ್ಮ ಬೀದಿಯ ಚಾವಿವಾಲಾ ಎಷ್ಟು ಗಂಟೆಗೆ ಬರುತ್ತಾನೆಂದು ಕಟ್ಟಡದ ಕಾವಲುಗಾರನಿಗೆ ಗೊತ್ತಿರುತ್ತದೆ.